ಪಾಸ್‌ಪೋರ್ಟಿನ ಬದಲು ವಜ್ರ

ನನ್ನ ಹೆಸರಿನಲ್ಲಿ ಒಂದೇ ಒಂದು ನಾಟಕ ರಂಗಕ್ಕೆ ಬಂದಿದೆ. ಸಿಂಗಪುರದ ಕನ್ನಡಿಗರು ಎಲ್ಲಾದರೂ ಎದುರಾದರೆ ಈಗಲೂ ಅದನ್ನು ನೆನೆಯುತ್ತಾರೆ. ‘ಆ ತಿಜೋರಿ ಒಡೆಯೋ ಸೀನ್ ಇದೆಯಲ್ಲಾ, ಸೂಪರ್!’ ಎನ್ನುತ್ತಾರೆ. ನಾನು ಹಲ್ಲು ಕಿರಿದು ಥ್ಯಾಂಕ್ಸ್ ಹೇಳುತ್ತೇನೆ. ಆ ನಾಟಕ ನನ್ನದಲ್ಲ ಎಂದು ಇಷ್ಟು ವರ್ಷಗಳಲ್ಲಿ ಯಾರೊಬ್ಬರಿಗೂ ಹೇಳಿಲ್ಲ. ಹೇಳುವ ಸಂದರ್ಭ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಳುವ ಮನಸ್ಸು ಬರಲಿಲ್ಲ.

ಶುರುವಾದದ್ದು ಒಂದು ಡಿವಿಡಿಯಿಂದ. ಎರಡು ಸಾವಿರದ ಹದಿಮೂರು–ಹದಿನಾಲ್ಕರ ಹೊತ್ತಿಗೆ ಸಿಂಗಪುರದ ಡಿವಿಡಿ ಅಂಗಡಿಗಳೆಲ್ಲ ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಾನು ಆಗ ಒನ್-ನಾರ್ತ್‌ನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಹತ್ತು ವರ್ಷ ಅದನ್ನೇ ಮಾಡಿದರೆ ಮನುಷ್ಯರನ್ನೂ ಹಾಗೆಯೇ ನೋಡುವ ಚಾಳಿ ಬಂದುಬಿಡುತ್ತದೆ, ನಮ್ಮನ್ನು ನಾವು ಮಾತ್ರ ಬಿಟ್ಟು. ವುಡ್‌ಲ್ಯಾಂಡ್ಸ್‌ನ ಒಂದು ಎಚ್‌ಡಿಬಿ ಸರ್ಕಾರಿ ವಸತಿ ಬ್ಲಾಕಿನ ಹನ್ನೊಂದನೇ ಮಹಡಿಯಲ್ಲಿ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಹತ್ತಿರದ ಡಿವಿಡಿ ಅಂಗಡಿಯವನು ಮುಚ್ಚುವ ವಾರ ರಟ್ಟಿನ ಡಬ್ಬಗಳನ್ನು ಫುಟ್‌ಪಾತಿಗೆ ತಂದಿಟ್ಟು ಬಂದಷ್ಟಕ್ಕೆ ಬರಲಿ ಅಂತ ಮಾರುತ್ತಿದ್ದ. ಒಂದು ಡಬ್ಬದ ತಳದಲ್ಲಿ ಆ ಸಿನಿಮಾ ಸಿಕ್ಕಿತು. ಡಿವಿಡಿಯ ಕವಚದ ಮೇಲೆ ಗುಂಗುರು ಕೂದಲಿನ, ಬೆಲ್‌ಬಾಟಮ್ ಪ್ಯಾಂಟಿನ ನಾಲ್ಕು ಜನ, ಹಿಂದೆ ಬಾಯಿ ತೆರೆದ ತಿಜೋರಿ. ಬ್ಲಾಕ್ಸ್‌ಪ್ಲಾಯ್ಟೇಶನ್ ಎಂಬ ಪದವನ್ನು ನಾನು ಮೊದಲು ಓದಿದ್ದು ಆ ಕವಚದ ಮೇಲೆ.

ಅದೇನೆಂದು ಆಮೇಲೆ ತಿಳಿದುಕೊಂಡೆ. ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಕಪ್ಪು ನಟನಟಿಯರನ್ನು ಮುಂದಿಟ್ಟುಕೊಂಡು, ಕಪ್ಪು ಪ್ರೇಕ್ಷಕರಿಗಾಗಿ, ಅಗ್ಗದಲ್ಲಿ, ಅವಸರವಸರವಾಗಿ ತೆಗೆದ ಸಿನಿಮಾಗಳ ಒಂದು ಭರಾಟೆಯೇ ನಡೆದಿತ್ತಂತೆ. ಬಂದೂಕು, ಕಾರು, ಝಗಮಗಿಸುವ ಬಟ್ಟೆ, ಕೂತಲ್ಲೇ ಕುಣಿಸುವ ಸಂಗೀತ. ತೆರೆಯ ಮೇಲಿದ್ದವರು ಕಪ್ಪು ಜನ, ಬಹಳಷ್ಟು ಸಲ ತೆರೆಯ ಹಿಂದಿದ್ದವರು ಬಿಳಿಯರು. ಎಕ್ಸ್‌ಪ್ಲಾಯ್ಟೇಶನ್, ಅಂದರೆ ಶೋಷಣೆ, ಎಂಬ ಮಾತು ಆ ಹೆಸರಿಗೆ ಅಂಟಿಕೊಂಡದ್ದರಲ್ಲಿ ಇದರ ಪಾಲೂ ಇದೆ.

ಈ ಸಿನಿಮಾದ ಕಥೆ ನನಗೆ ಮೊದಲೇ ಗೊತ್ತಿತ್ತು. ಅದೇ ಕಥೆಯ ಹಳೆಯ ಸಿನಿಮಾವನ್ನು, ಅಂದರೆ ಬಿಳಿಯರದನ್ನು, ಮೈಸೂರಿನಲ್ಲಿ ಕಾಲೇಜಿನಲ್ಲಿದ್ದಾಗ ನೋಡಿದ್ದೆ. ಜೈಲಿನಿಂದ ಹೊರಬಂದವನೊಬ್ಬ ನಾಲ್ಕು ಜನರನ್ನು ಕೂಡಿಸಿ ಒಡವೆಯ ಅಂಗಡಿ ಒಡೆಯುತ್ತಾನೆ. ಹೊಸತರಲ್ಲೂ ಅದೇ ಕಥೆ, ಬಹಳ ಕಡೆ ಅದೇ ಮಾತು. ಆದರೆ ಹಳೆಯದರಲ್ಲಿ ನಾಯಕ ಟೋಪಿ ಹಾಕಿಕೊಂಡು ಅಂಗಡಿಯ ಮುಂದೆ ಮೂರು ಸಲ ಓಡಾಡುತ್ತಾನೆ, ಯಾರೂ ತಿರುಗಿ ನೋಡುವುದಿಲ್ಲ. ಹೊಸತರಲ್ಲಿ ಅದೇ ಟೋಪಿ, ಅದೇ ನಡಿಗೆ. ಮೊದಲನೇ ಸುತ್ತಿಗೇ ಒಂದು ಪೊಲೀಸ್ ಕಾರು ನಿಧಾನವಾಗಿ ಅವನ ಪಕ್ಕಕ್ಕೆ ಬರುತ್ತದೆ. ಅವನು ಅಂಗಡಿಯ ಗಾಜು ನೋಡುವುದನ್ನು ಬಿಟ್ಟು ತನ್ನ ಬೂಟು ನೋಡುತ್ತಾನೆ. ಹಳೆಯದರಲ್ಲಿ ಕಳ್ಳರು ಸುಖವಾಗಿರಲು ಕದಿಯುತ್ತಾರೆ. ಹೊಸತರಲ್ಲಿ ತಮ್ಮನ್ನು ಹೊರದಬ್ಬಲು ನೋಡುತ್ತಿರುವ ಕಟ್ಟಡವನ್ನೇ ಕೊಂಡುಬಿಡಬೇಕೆಂದು ಕದಿಯುತ್ತಾರೆ. ಮುಖ ಬದಲಾಗಿದ್ದಕ್ಕೆ ಕಥೆಯೇ ಬೇರೆಯಾಗಿಬಿಟ್ಟಿತ್ತು. ನಾನು ಅದನ್ನು ಒಂದೇ ವಾರದಲ್ಲಿ ನಾಲ್ಕು ಸಲ ನೋಡಿದೆ.

ಆ ವರ್ಷ ನಮ್ಮ ಕನ್ನಡದವರ ಕೂಟದ ರಾಜ್ಯೋತ್ಸವದ ನಾಟಕವನ್ನು ನಾನು ಬರೆಯಬೇಕೆಂದು ಆಗಿತ್ತು. ಪ್ರತಿ ವರ್ಷವೂ ಅತ್ತೆ ಸಿಂಗಪುರಕ್ಕೆ ಬರುವುದು, ಏರ್‌ಪೋರ್ಟಿನಲ್ಲಿ ಉಪ್ಪಿನಕಾಯಿ ಬಾಟಲಿ ಒಡೆಯುವುದು, ಸೊಸೆ ಮೂರ್ಛೆ ಹೋಗುವುದು ಇವೇ ನಾಟಕಗಳು. ನಾನು ಪ್ರತಿ ವರ್ಷವೂ ಅದನ್ನು ಬೈಯುತ್ತಿದ್ದೆ. ‘ಹಾಗಾದ್ರೆ ಈ ಸಲ ನೀವೇ ಬರೀರಿ ಮೇಡಂ’ ಎಂದು ಅಧ್ಯಕ್ಷರು ನಗುನಗುತ್ತಲೇ ನನ್ನ ಕುತ್ತಿಗೆಗೆ ಕಟ್ಟಿದರು. ಅಧ್ಯಕ್ಷರು ಬೆಂಗಳೂರಿನವರು, ಇಲ್ಲಿ ಪಿಆರ್, ಅಂದರೆ ಕಾಯಂ ನಿವಾಸಿ, ಆಗಿ ಹದಿನೈದು ವರ್ಷವಾಗಿತ್ತು. ಎತ್ತರದ ಆಳು, ಬೆಳ್ಳಗಿನ ಮುಖ, ಯಾರನ್ನೂ ಜೋರಾಗಿ ಗದರಿದವರಲ್ಲ.

ಇನ್ನೊಬ್ಬರ ವಿಷಯ ಹೇಳಬೇಕು. ಅವರಿಲ್ಲದೆ ಇದನ್ನು ಬರೆಯುವ ಅಗತ್ಯವೇ ಇಲ್ಲ.

ಅವರನ್ನು ಮೊದಲು ಕಂಡದ್ದು ಕೂಟದ ಗಣಪತಿ ಪೂಜೆಯ ದಿನ. ಬಾಗಿದ ಮಂಟಪದ ಕಬ್ಬಿಣದ ಚೌಕಟ್ಟನ್ನು ಬರಿಗೈಯಲ್ಲಿ ನೆಟ್ಟಗೆ ಮಾಡುತ್ತಿದ್ದರು. ಬಾಗಲಕೋಟೆಯ ಕಡೆಯವರು, ಟುವಾಸ್‌ನ ಹಡಗುಕಟ್ಟೆಯಲ್ಲಿ ವೆಲ್ಡರ್. ಮೈಕು ಕೈಕೊಟ್ಟಾಗ ಪ್ರಸಾದಕ್ಕೆ ಸಾಲು ನಿಲ್ಲಿರೆಂದು ಅವರು ಕೂಗಿದ ಕೂಗಿಗೆ ಅಡುಗೆಯವರು ಕೂಡ ಬಂದು ಸಾಲಿನಲ್ಲಿ ನಿಂತರು. ಊರಲ್ಲಿ ನಾಟಕ ಮಾಡುತ್ತಿದ್ದರೇ ಎಂದು ಕೇಳಿದೆ. ‘ಹತ್ತೊಂಬತ್ತ ನಾಟಕ ಮಾಡೇನ್ರಿ ಅಕ್ಕಾರ’ ಎಂದರು. ನನಗಿಂತ ಆರೇಳು ವರ್ಷ ದೊಡ್ಡವರು, ಆದರೂ ನಾನು ಅಕ್ಕಾರ. ಅಂಕಲ್, ಆಂಟಿ ಬಿಟ್ಟು ಬೇರೆ ಸಂಬಂಧವೇ ಗೊತ್ತಿಲ್ಲದ ಆ ಗುಂಪಿನಲ್ಲಿ ಆ ಮಾತು ನನಗೆ ಹಿತವಾಗಿತ್ತು.

ಸಿನಿಮಾದ ಕಥೆಯನ್ನು ಅವರಿಗೆ ಹೇಳಿದೆ. ನೋಡಬೇಕು ಎಂದರು. ಮುಂದಿನ ಭಾನುವಾರ ಟುವಾಸ್‌ನಿಂದ ಬಸ್ಸು, ಎಂಆರ್‌ಟಿ ರೈಲು ಹಿಡಿದು ಎರಡು ತಾಸು ಪ್ರಯಾಣ ಮಾಡಿ ಬಂದರು. ನಮ್ಮ ಬ್ಲಾಕಿನ ಕೆಳಗಿನ, ಗೋಡೆಯಿಲ್ಲದ ತೆರೆದ ವಾಯ್ಡ್ ಡೆಕ್‌ನಲ್ಲಿ, ಮುದುಕರು ಚದುರಂಗ ಆಡುವ ಕಲ್ಲುಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದೆವು. ನಾನು ಮಾತುಮಾತಿಗೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಬರಬರುತ್ತಾ ಅವರಿಗೆ ಅದು ಬೇಕಾಗಲಿಲ್ಲ. ಪೊಲೀಸ್ ಕಾರು ಬಂದು ನಾಯಕ ಬೂಟು ನೋಡಿದಾಗ, ನಾನಿನ್ನೂ ಬಾಯಿ ತೆರೆಯುವ ಮೊದಲೇ, ‘ಗೊತ್ತಾತ್ರಿ’ ಎಂದರು. ತಿಜೋರಿ ಕೊರೆಯುವ ದೃಶ್ಯಕ್ಕೆ ಮಾತ್ರ ಬಿದ್ದು ಬಿದ್ದು ನಕ್ಕರು. ‘ಗ್ಯಾಸ್ ಕಟರ್ ಹಂಗ ಹಿಡದ್ರ ಮೊದಲ ಸುಡೂದು ಅಂವನ ಮೀಸೀನರಿ!’

ಮುಗಿದ ಮೇಲೆ ಕೇಳಿದರು: ‘ಇವರು ಚಿನ್ನ ಕದ್ರು. ನಾವಾಗಿದ್ರ ಏನ್ ಕದೀತಿದ್ವಿ ಗೊತ್ತೈತೇನ್ರಿ?’

‘ಏನು?’

‘ಪಾಸ್‌ಪೋರ್ಟ್.’

ಅದು ತಮಾಷೆಯಾಗಿರಲಿಲ್ಲ. ಸಿಂಗಪುರಕ್ಕೆ ಬರುವ ಮೊದಲು ಅವರು ಇನ್ನೊಂದು ದೇಶದಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಏಜೆಂಟ್ ಎಲ್ಲರ ಪಾಸ್‌ಪೋರ್ಟ್ ಕಸಿದು ತನ್ನ ಕಚೇರಿಯ ತಿಜೋರಿಯಲ್ಲಿಟ್ಟಿದ್ದನಂತೆ. ಊರಲ್ಲಿ ಅಪ್ಪ ತೀರಿಹೋದ ಸುದ್ದಿ ಬಂತು. ಹನ್ನೊಂದು ದಿನ ಅವನ ಬಾಗಿಲಲ್ಲಿ ನಿಂತರೂ ಪಾಸ್‌ಪೋರ್ಟ್ ಕೈಗೆ ಬರಲಿಲ್ಲ. ಆಗ ಇವರೂ ಇನ್ನು ನಾಲ್ಕು ಜನ ಕನ್ನಡದವರೂ ಕೂಡಿ ಆ ತಿಜೋರಿ ಒಡೆಯುವುದೆಂದು ನಿಶ್ಚಯ ಮಾಡಿದರು. ಯಾರು ಕಾವಲು, ಯಾರು ಕೊರೆಯುವುದು, ಎಲ್ಲಿಂದ ಕೊರೆಯುವುದು ಎಂಬುದೂ ಗೊತ್ತಾಗಿತ್ತು. ಕೊನೆಗೆ ಧೈರ್ಯ ಸಾಲಲಿಲ್ಲ. ಏಜೆಂಟ್ ಕಡೆಗೂ ಪಾಸ್‌ಪೋರ್ಟ್ ಕೊಟ್ಟು ಅವರು ಊರು ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

‘ಅವತ್ತ ಒಡೀಬೇಕಾಗಿತ್ರಿ’ ಎಂದರು. ‘ಈಗ ಸ್ಟೇಜಿನ ಮ್ಯಾಲರ ಒಡದಬಿಡೂಣು. ಏನಂತೀರಿ?’

ನಾನು ಏನನ್ನಲಿ? ನಾಯಕನ ಪಾತ್ರ ಅವರದೇ ಎಂದು ಅಲ್ಲೇ, ಆ ಕಲ್ಲುಮೇಜಿನ ಮುಂದೆಯೇ ಮಾತು ಕೊಟ್ಟೆ.

ಎಂಟು ಭಾನುವಾರ ಕೂತು ಬರೆದೆವು. ಬರೆದೆವು ಎನ್ನುವುದೂ ಸೊಕ್ಕಿನ ಮಾತೇ. ಅವರು ಎದ್ದು ಓಡಾಡುತ್ತಾ ಐದೂ ಜನರ ಮಾತು ಆಡುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಅಪ್ಪ ಸತ್ತ ಸುದ್ದಿ ಬಂದವನು ತಿಜೋರಿಯ ಮುಂದೆ ನಿಂತು ಆಡುವ ಮಾತನ್ನು ಅವರು ಒಂದೇ ಉಸಿರಿಗೆ ಹೇಳಿ ಮುಗಿಸಿದಾಗ, ಪಕ್ಕದ ಮೇಜಿನ ಚೀನೀ ಮುದುಕ ಕೈಯಲ್ಲಿದ್ದ ಆನೆಯನ್ನು ಇಡಲು ಮರೆತು ಕೂತಿದ್ದ. ನಮ್ಮ ಭಾಷೆಯ ಒಂದಕ್ಷರ ಅವನಿಗೆ ಬರುತ್ತಿರಲಿಲ್ಲ. ದೀಪಾವಳಿಗೆ ಊರಿಗೆ ಹೋಗಬೇಕಿದ್ದ ರಜೆಯನ್ನು ಅವರು ನಾಟಕಕ್ಕಾಗಿ ಡಿಸೆಂಬರಿಗೆ ಮುಂದೂಡಿದರು. ತಮ್ಮ ಡಾರ್ಮಿಟರಿಯ ಹದಿನೈದು ಜನ ನೋಡಲು ಬರುತ್ತಾರೆ, ಮುಂದಿನ ಸಾಲು ಇಟ್ಟಿರಬೇಕು ಎಂದರು.

ಮೊದಲ ಓದು ಅಧ್ಯಕ್ಷರ ಕಾಂಡೋದ ಫಂಕ್ಷನ್ ರೂಮಿನಲ್ಲಿ ನಡೆಯಿತು. ಆ ಭಾನುವಾರ ಹಡಗುಕಟ್ಟೆಯಲ್ಲಿ ಅವರಿಗೆ ಪಾಳಿ ಇತ್ತು, ಬರಲಿಲ್ಲ. ಎಲ್ಲರೂ ಕೇಳಿ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಎದ್ದು ಬಂದು ನನ್ನ ಕೈ ಕುಲುಕಿದರು. ‘ಇದನ್ನ ದೊಡ್ಡ ಆಡಿಟೋರಿಯಮ್‌ನಲ್ಲೇ ಮಾಡ್ಬೇಕು ಮೇಡಂ. ಲೈಟಿಂಗ್, ಸೌಂಡ್ ಎಲ್ಲಾ ಪ್ರಾಪರ್ ಆಗಿ. ಒಂದೆರಡು ಚಿಕ್ಕ ಚೇಂಜಸ್ ಅಷ್ಟೇ.’

ಮೊದಲ ಚಿಕ್ಕ ಚೇಂಜು ಭಾಷೆಯದು. ‘ಈ ಹುಬ್ಬಳ್ಳಿ ಕಡೆ ಕನ್ನಡ ನಮ್ಮ ಆಡಿಯೆನ್ಸ್‌ಗೆ ಫಾಲೋ ಆಗಲ್ಲ. ಮಕ್ಕಳಿಗಂತೂ ಒಂದೂ ಅರ್ಥ ಆಗಲ್ಲ.’ ನಾನು ಎರಡು ದಿನ ವಾದಿಸಿದೆ, ಮೂರನೇ ದಿನ ಕೂತು ಎಲ್ಲವನ್ನೂ ಬೆಂಗಳೂರಿನ ಕನ್ನಡಕ್ಕೆ ತಿರುಗಿಸಿದೆ. ತಿರುಗಿಸುತ್ತಾ ಮಾತುಗಳು ಒಣಗುತ್ತಾ ಹೋದದ್ದು ನನಗೆ ಕಾಣುತ್ತಿತ್ತು. ಎರಡನೆಯದು ಪಾಸ್‌ಪೋರ್ಟಿನದು. ‘ಸ್ಕ್ರಿಪ್ಟು ಗವರ್ನಮೆಂಟ್ ಲೈಸೆನ್ಸ್‌ಗೆ ಹೋಗುತ್ತೆ. ಪಾಸ್‌ಪೋರ್ಟು, ಏಜೆಂಟು ಇವೆಲ್ಲಾ ಸುಮ್ನೆ ಸೆನ್ಸಿಟಿವ್. ವಜ್ರ ಅಂತ ಮಾಡಿಬಿಡಿ. ಹೈಸ್ಟ್ ಸ್ಟೋರಿ ಅಂದ್ರೆ ವಜ್ರದ ಕಳ್ಳತನ ತಾನೆ?’ ಯಾರೂ ಆಕ್ಷೇಪ ಎತ್ತಿರಲಿಲ್ಲ, ಎತ್ತಬಹುದೆಂಬ ಭಯ ಮಾತ್ರ. ನನ್ನ ಪಿಆರ್ ಅರ್ಜಿಯೂ ಆಗ ಎಲ್ಲೋ ಒಂದು ಮೇಜಿನ ಮೇಲಿತ್ತು. ಒಂದೇ ಸಂಜೆಯಲ್ಲಿ ಪಾಸ್‌ಪೋರ್ಟ್ ಇದ್ದಲ್ಲೆಲ್ಲ ವಜ್ರ ಹಾಕಿದೆ. ಕಂಪ್ಯೂಟರಿನಲ್ಲಿ ಅದು ಎರಡು ಗುಂಡಿ ಒತ್ತುವ ಕೆಲಸ. ಅಪ್ಪ ಸತ್ತ ಮಾತು ಮಾತ್ರ ವಜ್ರಕ್ಕೆ ಹೊಂದಲಿಲ್ಲ. ಅದನ್ನು ಕಿತ್ತುಹಾಕಿ ಆ ಜಾಗದಲ್ಲಿ ಒಂದು ನಗೆಚಟಾಕಿ ಬರೆದೆ.

ಹೊಸ ಪ್ರತಿಯನ್ನು ಮತ್ತೆ ಅದೇ ಕಲ್ಲುಮೇಜಿನಲ್ಲಿ ಅವರಿಗೆ ಕೊಟ್ಟಾಗ ಓದುತ್ತಾ ಓದುತ್ತಾ ಅವರ ಬೆರಳು ಒಂದು ಕಡೆ ನಿಂತಿತು.

‘ಈ ಮಂದಿ ವಜ್ರ ತಗೊಂಡ್ ಏನ್ ಮಾಡ್ತಾರ್ರಿ ಅಕ್ಕಾರ?’

‘ಮಾರ್ತಾರೆ.’

‘ಯಾರಿಗೆ?’

ಅವರೇ ನನ್ನನ್ನು ಪಾರು ಮಾಡಿದರು. ‘ಇರ್ಲಿ ಬಿಡ್ರಿ. ನಾ ಬಾಯಾಗ ವಜ್ರ ಅಂತೀನಿ, ಮನಸಿನ್ಯಾಗ ಪಾಸ್‌ಪೋರ್ಟ್ ಅಂತ ತಿಳ್ಕೊಂಡ ಮಾಡ್ತೀನಿ. ನೋಡೋರಿಗೆ ತಿಳಿತೈತಿ.’

ಇಲ್ಲಿಗೆ ನಿಂತಿದ್ದರೆ ನಾನು ಇಷ್ಟು ಕಹಿಯಾಗುತ್ತಿರಲಿಲ್ಲವೇನೋ. ತಾಲೀಮು ಶುರುವಾಗುವ ಹಿಂದಿನ ವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಅಧ್ಯಕ್ಷರ ಫೋನು ಬಂತು. ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿಸಿಕೊಂಡೆ.

‘ಲೀಡ್ ರೋಲ್ ಬಗ್ಗೆ ಯೋಚ್ನೆ ಮಾಡ್ತಿದ್ದೆ ಮೇಡಂ. ಅವನು ಪಾಪ ಒಳ್ಳೆಯವನೇ. ಆದ್ರೆ ಸ್ಪಾನ್ಸರ್ಸ್ ಬರ್ತಾರೆ, ಸ್ವಲ್ಪ ಸ್ಟೇಜ್ ಪ್ರೆಸೆನ್ಸ್ ಬೇಕು. ಕಮಿಟಿಯವರು ನನ್ನನ್ನೇ ಮಾಡಿ ಅಂತಿದಾರೆ. ಅದೂ ಅಲ್ದೆ ಅವನು ವರ್ಕ್ ಪರ್ಮಿಟ್‌ನವನು. ಸ್ಟೇಜ್ ಮೇಲೆ ಆಕ್ಟ್ ಮಾಡೋಕೆ ಏನಾದ್ರೂ ರೂಲ್ಸ್ ಇರುತ್ತೆ. ನಾಳೆ ಅವನಿಗೇ ಪ್ರಾಬ್ಲಮ್ ಆಗ್ಬಾರ್ದು ನೋಡಿ.’

‘ರೂಲ್ಸ್ ಇದೆಯಾ?’ ಎಂದೆ.

‘ಇದ್ದೇ ಇರುತ್ತೆ. ನೀವೇ ಒಂದು ಮಾತು ಹೇಳಿಬಿಡಿ. ನಿಮ್ಮ ಹತ್ರ ಕ್ಲೋಸ್ ಆಗಿದಾನೆ.’

ಅಧ್ಯಕ್ಷರು ನನ್ನನ್ನು ಹೆದರಿಸಿದರು ಎಂದು ಬರೆಯಲು ನನಗೆ ಬಹಳ ಆಸೆ. ಹೆದರಿಸಲಿಲ್ಲ. ಆಗುವುದಿಲ್ಲ ಎಂದಿದ್ದರೆ ಅವರು ನಕ್ಕು, ಹಾಗಾದರೆ ಈ ಸಲವೂ ಅತ್ತೆ ಸೊಸೆಯೇ ಇರಲಿ ಎನ್ನುತ್ತಿದ್ದರು, ಅಷ್ಟೇ. ನನಗೆ ಆ ಆಡಿಟೋರಿಯಮ್ ಬೇಕಾಗಿತ್ತು. ರಚನೆ ಎಂದು ಬರೆದು ಅದರ ಮುಂದೆ ನನ್ನ ಹೆಸರು ಬೇಕಾಗಿತ್ತು. ತಪ್ಪು ಹುಡುಕಿ ಹೊಟ್ಟೆ ಹೊರೆಯುವ ನಾನು, ಅಂಥ ನಿಯಮ ನಿಜಕ್ಕೂ ಇದೆಯೇ ಎಂದು ಒಂದು ಫೋನು ಕೂಡ ಮಾಡಿ ವಿಚಾರಿಸಲಿಲ್ಲ. ಇಲ್ಲ ಎಂಬ ಉತ್ತರ ಬಂದರೆ ಏನು ಮಾಡುವುದೆಂದು ಹೆದರಿದ್ದೆ.

ಭಾನುವಾರ ಅವರು ಟುವಾಸ್‌ನಿಂದ ಬಂದರು. ಗಡ್ಡ ಬಿಟ್ಟಿದ್ದರು, ಪಾತ್ರಕ್ಕೆ. ನಾನು ಹೇಳಿದೆ. ವರ್ಕ್ ಪರ್ಮಿಟ್‌ನವರು ರಂಗದ ಮೇಲೆ ಬರಲು ಕಾನೂನಿನಲ್ಲಿ ಅವಕಾಶವಿಲ್ಲವೆಂದೂ, ನಾನು ಎಲ್ಲ ಕಡೆ ವಿಚಾರಿಸಿದೆನೆಂದೂ, ಅವರ ಕೆಲಸಕ್ಕೆ ಕುತ್ತು ಬಂದರೆ ನನ್ನ ಮನಸ್ಸು ಒಪ್ಪುವುದಿಲ್ಲವೆಂದೂ ಹೇಳಿದೆ. ಅವರು ಒಂದು ಮಾತೂ ಆಡದೆ ಪೂರ್ತಿ ಕೇಳಿದರು.

‘ಆತ್ರಿ ಅಕ್ಕಾರ’ ಎಂದರು. ‘ತಿಜೋರಿ ನಾ ಮಾಡಿಕೊಡ್ತೀನಿ. ಅದಕ್ಕೇನ್ ಅಡ್ಡಿ ಇಲ್ಲಲ್ಲ?’

ಅಡ್ಡಿ ಇಲ್ಲ ಎಂದೆ. ಮುಂದಿನ ಭಾನುವಾರ ಗಡ್ಡ ತೆಗೆದುಕೊಂಡು ಬಂದರು.

ತಿಜೋರಿ ಎಂಥದು ಮಾಡಿದರು ಗೊತ್ತೇ? ಅವರ ಫೋರ್‌ಮನ್ ಬಿಟ್ಟುಕೊಟ್ಟ ಗುಜರಿ ತಗಡು, ಹಳೆಯ ಕವಾಟದ ಚಕ್ರ, ಹಡಗಿಗೆ ಬಳಿಯುವ ಬೂದು ಬಣ್ಣ. ಆಳೆತ್ತರದ ತಿಜೋರಿಯನ್ನು ನಾಲ್ಕು ತುಂಡಾಗಿ ಬಿಚ್ಚಿ ಜೋಡಿಸುವಂತೆ ಮಾಡಿದ್ದರು. ಆ ಚಕ್ರ ತಿರುಗುವಾಗ ಬರುತ್ತಿದ್ದ ಸದ್ದಿಗೆ ತಾಲೀಮಿನಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದರು. ಅಧ್ಯಕ್ಷರು ಅದರ ಮುಂದೆ ನಿಂತು ತಮ್ಮ ಮಾತುಗಳನ್ನು ಪ್ರೆಸೆಂಟೇಶನ್ ಕೊಡುವ ಹಾಗೆ ಹೇಳುತ್ತಿದ್ದರು. ಇವರು ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಒಮ್ಮೆ ಅಧ್ಯಕ್ಷರು ಕೇಳಿದರು: ‘ಏನಪ್ಪಾ, ಹೇಗ್ ಮಾಡ್ತಿದೀನಿ?’ ಇವರು, ‘ಚಲೋ ಮಾಡಾಕತ್ತೀರಿ ಸರ್, ಕೈ ಅಷ್ಟ ಕಿಸೇದಾಗಿಂದ ತಗೀರಿ’ ಎಂದರು. ಎಲ್ಲರೂ ನಕ್ಕರು. ಅಧ್ಯಕ್ಷರು ಕೈ ತೆಗೆದರು, ಎರಡು ನಿಮಿಷಕ್ಕೆ ಮತ್ತೆ ಒಳಗಿಟ್ಟರು.

ಪ್ರದರ್ಶನದ ದಿನ ಬಂತು. ನಾಲ್ಕು ಗಂಟೆಗೆ ನಾಟಕ. ಮೇಕಪ್ಪಿಗೆ ಒಪ್ಪಿಕೊಂಡಿದ್ದ ಸದಸ್ಯೆಗೆ ಜ್ವರ ಬಂದು, ಆ ಕೆಲಸವೂ ನನ್ನ ತಲೆಗೇ ಬಂತು. ಗ್ರೀನ್ ರೂಮಿನಲ್ಲಿ ಪೆಟ್ಟಿಗೆ ತೆರೆಯುತ್ತಿದ್ದಂತೆ ಅಧ್ಯಕ್ಷರು ತಾವೇ ತಂದಿದ್ದ ಒಂದು ಡಬ್ಬಿ ಮುಂದಿಟ್ಟರು. ಕಡುಗಂದು ಬಣ್ಣ.

‘ಎಲ್ರಿಗೂ ಇದನ್ನ ಹಚ್ಚಿ ಮೇಡಂ. ಟುವಾಸ್ ವರ್ಕರ್ಸ್ ಅಂದ್ರೆ ಬಿಸಿಲಲ್ಲಿ ಕಪ್ಪಾಗಿರ್ಬೇಕಲ್ವಾ? ನೀವೇ ಹೇಳ್ತಿದ್ರಲ್ಲ ಆ ಫಿಲ್ಮು, ಅದ್ರಲ್ಲೂ ಬ್ಲ್ಯಾಕ್ಸೇ ತಾನೆ ಇರೋದು. ಅದಕ್ಕೂ ಒಂದು ಟ್ರಿಬ್ಯೂಟ್ ಆಗುತ್ತೆ.’

ಅಧ್ಯಕ್ಷರ ಮಗಳು ಕಾರಿನ ಚಾಲಕಿಯ ಪಾತ್ರ ಮಾಡುತ್ತಿದ್ದಳು. ಇಲ್ಲೇ ಬೆಳೆದವಳು, ಯೂನಿವರ್ಸಿಟಿಯ ಮೊದಲ ವರ್ಷ. ಕನ್ನಡಿಯಿಂದ ತಿರುಗಿದಳು. ‘ಅಪ್ಪಾ, ದಿಸ್ ಈಸ್ ಬ್ಲ್ಯಾಕ್‌ಫೇಸ್ ಲಾ! ಬಿಳಿಯರು ಕಪ್ಪು ಬಳ್ಕೊಂಡು ಕಪ್ಪು ಜನರನ್ನ ಆಡ್ಕೊಳ್ತಿದ್ರಲ್ಲ, ಅದೇ! ಕೆನಾಟ್! ನಾನು ಹಚ್ಕೊಳಲ್ಲ.’

‘ಅದೆಲ್ಲಾ ಅಮೆರಿಕದ ಪ್ರಾಬ್ಲಮ್ ಪುಟ್ಟಾ. ಇದು ಬರೀ ಮೇಕಪ್ಪು.’

‘ಆಂಟಿ, ನೀವಾದ್ರೂ ಹೇಳಿ.’

ಆಂಟಿ ಏನು ಹೇಳಬೇಕು? ಆ ಸಿನಿಮಾವನ್ನು ನಾಲ್ಕು ಸಲ ನೋಡಿದವಳು, ಬಿಳಿಯರ ಕಥೆಯನ್ನು ಕಪ್ಪು ಜನ ತಮ್ಮದು ಮಾಡಿಕೊಂಡರೆಂದು ಊರಿಗೆಲ್ಲ ಭಾಷಣ ಬಿಗಿದವಳು, ಆ ಕೋಣೆಯಲ್ಲಿ ನಡೆಯುತ್ತಿರುವುದು ಅದರ ತಿರುವುಮುರುವು ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ನಾನೇ. ‘ಟೈಮಿಲ್ಲ, ನೀನು ಹಾಗೇ ಹೋಗು’ ಎಂದು ಅವಳನ್ನು ಸಾಗಹಾಕಿ ಸ್ಪಂಜು ಕೈಗೆತ್ತಿಕೊಂಡೆ. ಉಳಿದ ನಾಲ್ವರು ಸಾಲಾಗಿ ಕೂತರು. ಮೊದಲು ಅಧ್ಯಕ್ಷರಿಗೆ ಹಚ್ಚಿದೆ. ಬೆಳ್ಳಗಿನ ಚರ್ಮದ ಮೇಲೆ ಅದು ಕೆಸರಿನ ಹಾಗೆ ಕಂಡಿತು.

‘ಶೇಡ್ ಸರಿ ಬಂದಿಲ್ಲ’ ಎಂದು ಅಧ್ಯಕ್ಷರು ಕನ್ನಡಿ ನೋಡಿಕೊಂಡರು. ‘ಅವನನ್ನ ಕರೀರಿ, ಮ್ಯಾಚ್ ಮಾಡಿ ನೋಡೋಣ.’

ಅವರು ವೇದಿಕೆಯ ಮೇಲೆ ತಿಜೋರಿಯ ತುಂಡುಗಳನ್ನು ಜೋಡಿಸುತ್ತಿದ್ದರು. ಕರೆದೆ. ಪಾನಾ ಹಿಡಿದುಕೊಂಡೇ ಬಂದರು. ಅಧ್ಯಕ್ಷರು ತಮ್ಮ ಕುರ್ಚಿಯ ಪಕ್ಕದಲ್ಲಿ ಬಗ್ಗಿ ನಿಲ್ಲಲು ಹೇಳಿದರು, ಇವರು ನಿಂತರು. ಕನ್ನಡಿಯಲ್ಲಿ ಎರಡು ಮುಖ ಅಕ್ಕಪಕ್ಕ. ನಾನು ಸ್ಪಂಜನ್ನು ಅವರ ಕೆನ್ನೆಯ ಹತ್ತಿರ ಹಿಡಿದು ನೋಡಿದೆ, ಸೀರೆಗೆ ರವಿಕೆಯ ಬಟ್ಟೆ ಹಿಡಿದು ನೋಡುತ್ತೇವಲ್ಲ, ಹಾಗೆ.

ಅವರು ಕನ್ನಡಿಯನ್ನೇ ನೋಡುತ್ತಾ, ಕೆಲಸದ ಮಾತಿನ ಧಾಟಿಯಲ್ಲಿ ಹೇಳಿದರು: ‘ಮಾರಿಗಿ ಸಾಕ್ರಿ ಅಕ್ಕಾರ. ಕುತ್ತಿಗಿ ಹಿಂದ ಹಚ್ಚಿಲ್ಲ ನೋಡ್ರಿ. ನಾವು ಬಗ್ಗಿ ಕೆಲಸಾ ಮಾಡ್ತೀವಿ, ಬಿಸಲ ಎಲ್ಲಾ ಅಲ್ಲೇ ಬೀಳತೈತಿ.’

‘ಕರೆಕ್ಟ್! ಗುಡ್ ಪಾಯಿಂಟ್’ ಎಂದು ಅಧ್ಯಕ್ಷರು ತಲೆ ಬಗ್ಗಿಸಿದರು. ನಾನು ಕುತ್ತಿಗೆಯ ಹಿಂದೆ ಹಚ್ಚಿದೆ.

ನಾಟಕ ಭರ್ಜರಿಯಾಗಿ ನಡೆಯಿತು. ಅಂದರೆ ಜನ ನಕ್ಕರು. ಕಪ್ಪು ಬಳಿದುಕೊಂಡ ನಮ್ಮ ಕೂಟದ ಮ್ಯಾನೇಜರುಗಳು ಹೆಲ್ಮೆಟ್ ಹಾಕಿಕೊಂಡು ಒಳಗೆ ಬಂದ ಕೂಡಲೇ ಸಿಳ್ಳೆ ಬಿತ್ತು, ಅವರವರ ಮಕ್ಕಳು ‘ಡ್ಯಾಡಿ!’ ಎಂದು ಕೂಗಿದರು. ಅಪ್ಪ ಸತ್ತ ಮಾತಿನ ಜಾಗದಲ್ಲಿ ನಾನು ತುರುಕಿದ್ದ ಚಟಾಕಿಗೆ ಇಡೀ ಸಭೆ ಹೊಟ್ಟೆ ಹಿಡಿದುಕೊಂಡಿತು. ಸ್ವಂತ ಮುಖದಲ್ಲಿ ನಿಂತಿದ್ದವಳು ಆ ಹುಡುಗಿ ಒಬ್ಬಳೇ. ತಿಜೋರಿಯ ಬಾಗಿಲು ಭಾರವಾಗಿದ್ದರಿಂದ ಅಧ್ಯಕ್ಷರು ಚಕ್ರ ತಿರುಗಿಸಿದಾಗ ಒಳಗಿನಿಂದ ಯಾರಾದರೂ ದೂಡಬೇಕಾಗಿತ್ತು. ದೂಡಿದವರು ಅವರು. ಒಂದೂವರೆ ಗಂಟೆ ಆ ತಗಡಿನೊಳಗೆ ಕೂತಿದ್ದರು. ಡಾರ್ಮಿಟರಿಯ ಹದಿನೈದು ಜನರಿಗೆಂದು ಇಟ್ಟಿದ್ದ ಮುಂದಿನ ಸಾಲಿನಲ್ಲಿ ಸ್ಪಾನ್ಸರುಗಳು ಕೂತಿದ್ದರು. ಆ ಹದಿನೈದು ಜನರಲ್ಲಿ ಒಬ್ಬರೂ ಬಂದಿರಲಿಲ್ಲ, ಯಾಕೆಂದು ನಾನು ಕೇಳಲಿಲ್ಲ.

ಕೊನೆಗೆ ನನ್ನನ್ನು ವೇದಿಕೆಗೆ ಕರೆದು ಹಾರ ಹಾಕಿದರು, ಮೈಕು ಕೊಟ್ಟರು. ಆಗಲಾದರೂ ಹೇಳಬಹುದಿತ್ತು. ಇನ್ನೂರಕ್ಕಿಂತ ಹೆಚ್ಚು ಜನರೆದುರು ಒಂದೇ ಒಂದು ವಾಕ್ಯ. ‘ಸಹಕರಿಸಿದ ಎಲ್ಲರಿಗೂ ಧನ್ಯವಾದ’ ಎಂದೆ. ಅವರು ತಿಜೋರಿಯೊಳಗಿನಿಂದ ಹೊರಬಂದು ಪಕ್ಕದ ಪರದೆಯ ಮರೆಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಎಲ್ಲರೂ ಫೋಟೋಗೆ, ಊಟಕ್ಕೆ ಹೋದ ಮೇಲೆ ನಾನು ವೇದಿಕೆಗೆ ಬಂದೆ. ಅವರು ಬೋಲ್ಟು ಬಿಚ್ಚಿ ತಿಜೋರಿಯನ್ನು ತುಂಡು ಮಾಡುತ್ತಿದ್ದರು. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಊಟಕ್ಕೆ ಕರೆದೆ. ಲಾರಿ ಕಾಯುತ್ತಿದೆ ಎಂದರು. ಏನಾದರೂ ಹೇಳಲೇಬೇಕಾಗಿತ್ತು, ಹೇಳಿದೆ.

‘ಮುಂದಿನ ವರ್ಷ ರೂಲ್ಸ್ ಏನಾದ್ರೂ ಬದಲಾದ್ರೆ, ಖಂಡಿತಾ ನೀವೇ ಮಾಡ್ಬೇಕು.’

ಅವರು ಬೋಲ್ಟುಗಳನ್ನು ಒಂದು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದರು.

‘ರೂಲ್ಸ್ ಏನೂ ಇರಲಿಲ್ರಿ ಅಕ್ಕಾರ. ನಾ ಮೊದಲ ನಮ್ಮ ಕಂಪನಿ ಆಫೀಸಿನ್ಯಾಗ ಕೇಳಿದ್ದೆ. ಪುಕ್ಕಟೆ ನಾಟಕ, ರಜಾ ದಿನ, ನಡೀತೈತಿ ಮಾಡು ಅಂತ ಚೀಟಿ ಬರದು ಕೊಟ್ಟಿದ್ರು. ಅವತ್ತ ನೀವು ಮಾತಾಡೂ ಮುಂದ ಅದು ನನ್ನ ಕಿಸೇದಾಗ ಇತ್ತು.’

ನನ್ನ ಕೊರಳಿನಲ್ಲಿ ಇನ್ನೂ ಹಾರವಿತ್ತು. ‘ಮತ್ತೆ ಯಾಕೆ ಹೇಳ್ಲಿಲ್ಲ ನೀವು? ಯಾಕೆ ಸುಮ್ನೆ ಇದ್ರಿ?’

ಅವರಿಗೆ ಸಿಟ್ಟು ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಂದಿರಲಿಲ್ಲ. ಬಾಗಿಲಿನ ತಗಡನ್ನು ಹೆಗಲಿಗೇರಿಸಿಕೊಳ್ಳುತ್ತಾ, ಹೊಸ ನಟರಿಗೆ ಹೇಳುವಷ್ಟು ಮೆತ್ತಗೆ ಹೇಳಿದರು:

‘ನೀವು ಭಾಳ ಕಷ್ಟಪಟ್ಟು ಬಾಯಿಪಾಠ ಮಾಡ್ಕೊಂಡ ಬಂದಿದ್ರಿ. ನಡುವ ಮಾತಾಡಿದ್ರ ನಿಮಗ ಮರತ ಹೋದೀತು ಅಂತ ಸುಮ್ನಿದ್ದೆ.’